ಕ್ಯಾಲ್‌ವರ್ಕ್ಸ್ ನೆರವಿನ 60 ತಿಂಗಳು ಮುಗಿಯುವ ಮುನ್ನ: ಅವಧಿ ವಿಸ್ತರಣೆ ಕೇಳುವ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ ಬಡ ಕುಟುಂಬಗಳಿಗೆ ಸಿಗುವ ಕ್ಯಾಲ್‌ವರ್ಕ್ಸ್ ನಗದು ನೆರವು ವಯಸ್ಕರಿಗೆ ಜೀವಮಾನದಲ್ಲಿ ಒಟ್ಟು 60 ತಿಂಗಳು ಮಾತ್ರ. ಆ ಮಿತಿ ಹತ್ತಿರವಾದಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ ಬಗೆಯದು. ಕೊನೆಯ ತಿಂಗಳಲ್ಲಿ ಕೌಂಟಿ ಕಚೇರಿಗೆ ಹೋಗಿ, ‘ಕೆಲಸ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ, ದಯವಿಟ್ಟು ಇನ್ನೊಂದಿಷ್ಟು ತಿಂಗಳು ಕೊಡಿ’ ಎಂದು ಬರೆದುಕೊಡುತ್ತಾರೆ. ಕೆಲಸ ಹುಡುಕುತ್ತಿರುವುದಷ್ಟೇ ವಿಸ್ತರಣೆಗೆ ಕಾರಣವಾಗುವುದಿಲ್ಲ. ಕೈಯಲ್ಲಿ ಕೆಲಸ ಯಾಕೆ ಉಳಿಯುತ್ತಿಲ್ಲ, ಅದಕ್ಕೆ ಅಡ್ಡಿಯೇನು, ಅಡ್ಡಿಯಿದ್ದರೂ ನೀವು ಕಾರ್ಯಕ್ರಮಕ್ಕೆ ಎಷ್ಟು ಸಹಕರಿಸಿದ್ದೀರಿ ಎಂಬುದನ್ನು ಕಾಗದದ ಮೇಲೆ ತೋರಿಸಬೇಕು. ಅದಕ್ಕಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ: ನಿಮ್ಮ ಹೆಸರಿನಲ್ಲಿ ಎಣಿಸಿರುವ ತಿಂಗಳುಗಳು ಸರಿಯಾಗಿವೆಯೇ ಎಂದು ನೋಡುವುದು. ಅನೇಕರಿಗೆ ವಿಸ್ತರಣೆಯೇ ಬೇಕಾಗುವುದಿಲ್ಲ, ಲೆಕ್ಕ ತಿದ್ದಿಸಿದರೆ ಸಾಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಅನ್ವಯಿಸುತ್ತದೆ. 1996ರ ಫೆಡರಲ್ ಕಾನೂನು 60 ತಿಂಗಳ ಮಿತಿಯನ್ನು ದೇಶಕ್ಕೆಲ್ಲ ಹಾಕಿದರೂ, ಅದರೊಳಗೆ ಪ್ರತಿ ರಾಜ್ಯವೂ ತನ್ನದೇ ನಿಯಮ ಮಾಡಿಕೊಂಡಿದೆ. ಮ್ಯಾಸಚೂಸೆಟ್ಸ್‌ನಲ್ಲಿ 60 ತಿಂಗಳ ಅವಧಿಯೊಳಗೆ 24 ತಿಂಗಳ ಮಿತಿಯಿದೆ. ನ್ಯೂಯಾರ್ಕ್‌ನಲ್ಲಿ 60 ತಿಂಗಳಾದ ಮೇಲೆ ಬೇರೆಯೇ ಹೆಸರಿನ ರಾಜ್ಯ ನೆರವಿಗೆ ಹೋಗಬೇಕಾಗುತ್ತದೆ. ಟೆಕ್ಸಾಸ್‌ನಲ್ಲಿರುವ ಸಂಬಂಧಿಕರು ಫೋನಿನಲ್ಲಿ ಹೇಳಿದ ನಿಯಮ ಸ್ಯಾನ್ ಹೋಸೆಯಲ್ಲಿ ನಡೆಯುವುದಿಲ್ಲ.

ಯಾರಿಗೆ ಈ ಮಿತಿ, ಯಾರಿಗಿಲ್ಲ

ಮಿತಿ ಇರುವುದು ನೆರವಿನ ಲೆಕ್ಕದಲ್ಲಿ ಸೇರಿರುವ ವಯಸ್ಕರಿಗೆ. ಅವರ 60 ತಿಂಗಳು ಮುಗಿದರೆ ಅವರ ಪಾಲು ಮಾತ್ರ ಕಡಿತವಾಗುತ್ತದೆ. ಅರ್ಹ ಮಕ್ಕಳ ಪಾಲು ಮುಂದುವರಿಯುತ್ತದೆ. ‘ಎಲ್ಲವೂ ನಿಂತುಹೋಯಿತು’ ಎಂದುಕೊಂಡು ಮಕ್ಕಳ ನೆರವಿನ ವರದಿಗಳನ್ನೂ ಕೊಡದೆ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ.

ಎಚ್-1ಬಿ ಅಥವಾ ಎಚ್-4 ವೀಸಾದಲ್ಲಿರುವ ವಯಸ್ಕರಿಗೆ ಈ ನೆರವು ಸಿಗುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಮಾತ್ರ ನೆರವು ಬರುತ್ತಿದ್ದರೆ ವಯಸ್ಕರ ತಿಂಗಳುಗಳು ಎಣಿಕೆಯಾಗುವುದೂ ಇಲ್ಲ. ಹಸಿರು ಕಾರ್ಡ್ ಇರುವವರು, ಆಶ್ರಯ ಪಡೆದವರು, ಗಂಡನ ಹಿಂಸೆಯ ಕಾರಣಕ್ಕೆ ಸ್ವತಃ ವಲಸೆ ಅರ್ಜಿ ಹಾಕಿಕೊಂಡ ಮಹಿಳೆಯರು ಅರ್ಹರಾಗಬಹುದು. ನಗದು ನೆರವು ಕೆಲವರ ವಲಸೆ ಅರ್ಜಿಯ ಮೇಲೆ ಪರಿಣಾಮ ಬೀರಬಲ್ಲದು, ಕೆಲವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಈ ಪ್ರಶ್ನೆಯನ್ನು ಕೌಂಟಿ ಸಿಬ್ಬಂದಿಯಲ್ಲಿ ಕೇಳಬೇಡಿ, ವಲಸೆ ವಕೀಲರಲ್ಲಿ ಕೇಳಿ.

ಕೈಯಲ್ಲಿ ಇರಬೇಕಾದವು

ಒಂದು ಗಟ್ಟಿ ಫೈಲು, ನೆರವು ಆರಂಭವಾದ ತಿಂಗಳಿನಿಂದ ಇಂದಿನವರೆಗಿನ ಕ್ಯಾಲೆಂಡರ್ ಹಾಳೆಗಳು, ಕೌಂಟಿಯಿಂದ ಬಂದ ಎಲ್ಲ ನೋಟಿಸ್‌ಗಳು, ವೈದ್ಯರ ಚೀಟಿಗಳು, ವೆಲ್ಫೇರ್-ಟು-ವರ್ಕ್ (ನೆರವು ಪಡೆಯುವ ವಯಸ್ಕರು ಕೆಲಸ, ತರಬೇತಿಯಂಥ ಚಟುವಟಿಕೆಗಳಲ್ಲಿ ತೊಡಗಬೇಕಾದ ಕಾರ್ಯಕ್ರಮ) ಯೋಜನೆಯ ಪ್ರತಿ, ತರಬೇತಿ ಮತ್ತು ಸಂದರ್ಶನಗಳ ಹಾಜರಿ ದಾಖಲೆ ಬೇಕು. ಜೊತೆಗೆ ಬೆನಿಫಿಟ್ಸ್‌ಕ್ಯಾಲ್ ಜಾಲತಾಣದಲ್ಲಿ ನಿಮ್ಮ ಖಾತೆ ತೆರೆದಿರಲಿ. ಕಾಗದಗಳನ್ನು ಅಲ್ಲಿ ಏರಿಸಿದರೆ ಯಾವ ದಿನ ಕೊಟ್ಟಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಮುದ್ರಿತ ನಮೂನೆ ಸಿಗಬಹುದೆಂದು ಕಾಯುತ್ತ ಕೂರಬೇಡಿ. ಆದರೆ ಕನ್ನಡ ದುಭಾಷಿಯನ್ನು ಉಚಿತವಾಗಿ ಕೇಳುವ ಹಕ್ಕು ನಿಮಗಿದೆ, ಸಾಮಾನ್ಯವಾಗಿ ಫೋನಿನ ಮೂಲಕ ಒದಗಿಸುತ್ತಾರೆ. ಹಿಂದಿ ಬರುತ್ತದೆಯೇ ಎಂದು ಕೇಳಿದಾಗ ಮುಜುಗರಕ್ಕೆ ಹೂಂ ಎನ್ನಬೇಡಿ. ಎಂಟು ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಬಾಯಿಂದ ನಿಮ್ಮ ಕಾಯಿಲೆಯನ್ನೋ ಮನೆಯ ಹೊಡೆತಬಡಿತವನ್ನೋ ಹೇಳಿಸುವುದಂತೂ ಬೇಡವೇ ಬೇಡ. ಮಗುವಿಗೂ ಕಷ್ಟ, ಅರ್ಜಿಗೂ ನಷ್ಟ.

ಹಂತ 1: ಎಣಿಕೆಯ ಪಟ್ಟಿ ಪಡೆಯುವುದು

ನಿಮ್ಮ ಹೆಸರಿನಲ್ಲಿ ಎಷ್ಟು ತಿಂಗಳು ಎಣಿಸಲಾಗಿದೆ ಎಂದು ಕೌಂಟಿಯನ್ನು ಯಾವಾಗ ಬೇಕಾದರೂ ಕೇಳಬಹುದು. ಒಟ್ಟು ಸಂಖ್ಯೆಯನ್ನಷ್ಟೇ ಕೇಳಬೇಡಿ. ಯಾವ ತಿಂಗಳು ಎಣಿಕೆಯಾಗಿದೆ, ಯಾವುದು ಬಿಟ್ಟಿದೆ, ಬಿಟ್ಟದ್ದಕ್ಕೆ ಕಾರಣವೇನು ಎಂಬ ತಿಂಗಳವಾರು ಪಟ್ಟಿಯನ್ನೇ ಲಿಖಿತವಾಗಿ ಕೇಳಿ. ಇದನ್ನು ಮಿತಿಗೆ ಒಂದು ವರ್ಷ ಇರುವಾಗಲೇ ಮಾಡುವುದು ಒಳ್ಳೆಯದು. ಆರು ತಿಂಗಳಿಗಿಂತ ತಡವಂತೂ ಆಗಬಾರದು.

ಬೇರೆ ರಾಜ್ಯದಲ್ಲಿ ಇದೇ ಬಗೆಯ ಫೆಡರಲ್ ನೆರವು ಪಡೆದಿದ್ದರೆ ಆ ತಿಂಗಳುಗಳೂ ಇದಕ್ಕೆ ಸೇರುತ್ತವೆ. ನೀವೇ ಮಗುವಾಗಿದ್ದಾಗ ನಿಮ್ಮ ತಾಯಿ ಪಡೆದ ನೆರವು ಸೇರುವುದಿಲ್ಲ.

ಇಲ್ಲಿ ಹಳೆಯ ಕಾಗದ ದಾರಿ ತಪ್ಪಿಸುತ್ತದೆ. 2011ರ ಜುಲೈ 1ರಿಂದ ಕ್ಯಾಲಿಫೋರ್ನಿಯಾ ಮಿತಿಯನ್ನು 48 ತಿಂಗಳಿಗೆ ಇಳಿಸಿತ್ತು. 2022ರ ಮೇ 1ರಿಂದ ಮತ್ತೆ 60ಕ್ಕೆ ಏರಿಸಿತು. ಆ ನಡುವಿನ ವರ್ಷಗಳಲ್ಲಿ 48 ತಿಂಗಳು ತುಂಬಿತೆಂದು ಹೊರಬಿದ್ದವರಿಗೆ, ಉಳಿದ ಅರ್ಹತೆಗಳಿದ್ದರೆ, ಇನ್ನೂ 12 ತಿಂಗಳು ಬಾಕಿ ಇರಬಹುದು. ಅಂಥವರು ವಿಸ್ತರಣೆ ಕೇಳಬೇಕಾಗಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಅದೇ ಬದಲಾವಣೆಯಲ್ಲಿ 24 ತಿಂಗಳ ವೆಲ್ಫೇರ್-ಟು-ವರ್ಕ್ ಮಿತಿಯೂ ರದ್ದಾಯಿತು. ಆದ್ದರಿಂದ 48 ಅಥವಾ 24 ಎಂಬ ಅಂಕಿ ಇರುವ ನೋಟಿಸ್ ಕಣ್ಣಿಗೆ ಬಿದ್ದರೆ ಮೊದಲು ಅದರ ದಿನಾಂಕ ನೋಡಿ.

ಹಂತ 2: ಎಣಿಸಬಾರದ ತಿಂಗಳುಗಳನ್ನು ಹೊರತೆಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಎಕ್ಸೆಂಪ್ಷನ್, ಅಂದರೆ ವಿನಾಯಿತಿ, ಸಿಕ್ಕಿದ ತಿಂಗಳು 60ರ ಲೆಕ್ಕಕ್ಕೇ ಬರುವುದಿಲ್ಲ. ಎಕ್ಸ್‌ಟೆಂಡರ್ ಎನ್ನುವುದು 60 ಮುಗಿದ ಮೇಲೆ ಸಿಗುವ ಮುಂದುವರಿಕೆ, ಅಂದರೆ ಅವಧಿ ವಿಸ್ತರಣೆ. ಮೊದಲನೆಯದನ್ನು ಪೂರ್ತಿ ಬಳಸಿಕೊಳ್ಳದೆ ಎರಡನೆಯದಕ್ಕೆ ಕೈಹಾಕಬೇಡಿ. ಎಕ್ಸೆಂಪ್ಷನ್ ಕೇಳುವ ನಮೂನೆ ಸಿಡಬ್ಲ್ಯೂ 2186ಎ.

ಎಣಿಕೆಗೆ ಬರಬಾರದ ಮುಖ್ಯ ತಿಂಗಳುಗಳು ಇವು. ಕನಿಷ್ಠ 30 ದಿನ ಇರುವಂಥ ಕಾಯಿಲೆ ಅಥವಾ ಅಂಗವೈಕಲ್ಯದಿಂದ ನೀವು ಕೆಲಸಕ್ಕೂ ಚಟುವಟಿಕೆಗೂ ಹೋಗಲಾಗದೆ ಇದ್ದ ತಿಂಗಳು. ಮನೆಯಲ್ಲಿರುವ ರೋಗಿಯನ್ನು ನೋಡಿಕೊಳ್ಳಬೇಕಾಗಿ ಬಂದ ತಿಂಗಳು. ಮನೆಯೊಳಗಿನ ಹಿಂಸೆಯ ಕಾರಣಕ್ಕೆ ನಿಯಮ ಸಡಿಲಿಸಿದ ತಿಂಗಳು. ಎರಡು ವರ್ಷದೊಳಗಿನ ಮಗುವಿನ ಆರೈಕೆಗೆಂದು ಜೀವಮಾನದಲ್ಲಿ ಒಂದು ಬಾರಿ ಸಿಗುವ ವಿನಾಯಿತಿಯ ತಿಂಗಳು. ಕಾರ್ಯಕ್ರಮದ ನಿಯಮ ಪಾಲಿಸದ್ದಕ್ಕೆ ಹಾಕಿದ ದಂಡನೆಯಿಂದ ನಿಮ್ಮ ಪಾಲು ಕಡಿತವಾಗಿದ್ದ ತಿಂಗಳು. ನಗದು ಬಾರದೆ ಮಕ್ಕಳ ಡೇಕೇರ್ ಅಥವಾ ಬಸ್ ಖರ್ಚಿನಂಥ ಸೇವೆ ಮಾತ್ರ ಸಿಕ್ಕಿದ ತಿಂಗಳು. ಚಿಕ್ಕ ಮಕ್ಕಳಿಗಾಗಿ ಸಿಗುವ ಇನ್ನೊಂದು ವಿನಾಯಿತಿಯೂ ಇದೆ, ಅದು ಚಟುವಟಿಕೆಯಿಂದ ಬಿಡುವು ಕೊಡುತ್ತದೆಯೇ ಹೊರತು ತಿಂಗಳ ಎಣಿಕೆಯನ್ನು ನಿಲ್ಲಿಸುವುದಿಲ್ಲ. ನಿಮಗೆ ಸಿಕ್ಕಿದ್ದು ಯಾವುದು ಎಂದು ಹೆಸರು ಹಿಡಿದು ಕೇಳಿ.

ಬಹುಪಾಲು ಜನರ ಗಮನಕ್ಕೇ ಬಾರದ ಇನ್ನೊಂದು ಇದೆ. ಮಕ್ಕಳ ತಂದೆಯಿಂದ ಸರ್ಕಾರ ವಸೂಲಿ ಮಾಡಿದ ಜೀವನಾಂಶದ ಹಣ ನಿಮಗೆ ಕೊಟ್ಟ ನೆರವನ್ನು ಭರ್ತಿ ಮಾಡಿದ್ದರೆ, ಆ ತಿಂಗಳುಗಳನ್ನು ನಿಮ್ಮ ಲೆಕ್ಕದಿಂದ ತೆಗೆಯಬೇಕು. ಹಣ ತಡವಾಗಿ, ವರ್ಷಗಳ ನಂತರ ಬಂದಿದ್ದರೂ ಇದು ಅನ್ವಯಿಸುತ್ತದೆ. ಸ್ಥಳೀಯ ಚೈಲ್ಡ್ ಸಪೋರ್ಟ್ ಕಚೇರಿಯಿಂದ ವಸೂಲಾತಿಯ ವಿವರ ತರಿಸಿಕೊಂಡು ಕೌಂಟಿಯ ಮುಂದಿಡಿ. ಎರಡು ಕಚೇರಿಗಳು ತಾವಾಗಿ ಮಾತಾಡಿಕೊಂಡು ನಿಮ್ಮ ತಿಂಗಳು ಕಳೆಯುತ್ತವೆಂದು ನಂಬಿ ಕೂರುವುದು ಜಾಣತನವಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಫ್ರೀಮಾಂಟ್‌ನಲ್ಲಿರುವ ಒಬ್ಬ ತಾಯಿಯ ಪಟ್ಟಿಯಲ್ಲಿ 57 ತಿಂಗಳು ಎಂದಿದೆ. ಆಕೆ ಕ್ಯಾಲೆಂಡರ್ ಹಾಳೆಗಳ ಮೇಲೆ ಹಳೆಯ ಕಾಗದಗಳನ್ನು ಒಂದೊಂದಾಗಿ ಇಟ್ಟು ನೋಡುತ್ತಾಳೆ. ಹೆರಿಗೆಯ ನಂತರ ಖಿನ್ನತೆಗೆ ಚಿಕಿತ್ಸೆ ಪಡೆದ ಐದು ತಿಂಗಳಿಗೆ ಆಸ್ಪತ್ರೆಯ ದಾಖಲೆ ಇದೆ, ಆದರೆ ಆಗ ಎಕ್ಸೆಂಪ್ಷನ್ ಕೇಳಿರಲಿಲ್ಲ. ಮೂರು ತಿಂಗಳು ದಂಡನೆಯಲ್ಲಿದ್ದಾಗ ಆಕೆಯ ಪಾಲು ಬಂದೇ ಇಲ್ಲ, ಆದರೂ ಪಟ್ಟಿಯಲ್ಲಿ ಎಣಿಕೆಯಾಗಿದೆ. ಈ ಎಂಟನ್ನು ಕೌಂಟಿ ಒಪ್ಪಿದರೆ ಎಣಿಕೆ 49ಕ್ಕೆ ಇಳಿಯುತ್ತದೆ. ಮೂರು ತಿಂಗಳು ಮಾತ್ರ ಉಳಿದಿದೆ ಎಂದುಕೊಂಡಿದ್ದವಳಿಗೆ 11 ತಿಂಗಳು ಉಳಿದಿರುತ್ತದೆ. ಹಿಂದಿನ ತಿಂಗಳುಗಳ ಬಗ್ಗೆ ಕೇಳುವಾಗ ‘ಆ ದಿನಗಳಲ್ಲಿ ಹುಷಾರಿರಲಿಲ್ಲ’ ಎಂದರೆ ಸಾಲದು. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಕಾರಣ, ಯಾವ ಕಾಗದ ಎಂಬ ಮೂರೂ ಒಂದೇ ಸಾಲಿನಲ್ಲಿ ಇರಬೇಕು.

ಹಂತ 3: ಎಕ್ಸ್‌ಟೆಂಡರ್‌ಗೆ ನಿಮ್ಮ ಕಾರಣ ಯಾವುದು

ಎಲ್ಲ ಕಳೆದ ಮೇಲೂ 60 ತುಂಬುವುದಿದ್ದರೆ ಮಾತ್ರ ಈ ಹಂತ. ಅಂಗೀಕಾರವಾಗುವ ಕಾರಣಗಳು ಕೆಲವೇ. 60 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು, ಎಸ್‌ಎಸ್‌ಐ (ವೃದ್ಧ ಮತ್ತು ಅಂಗವಿಕಲ ಬಡವರಿಗೆ ಸಿಗುವ ಫೆಡರಲ್ ನಗದು ನೆರವು), ರಾಜ್ಯ ಅಂಗವೈಕಲ್ಯ ವಿಮೆ ಮೊದಲಾದ ಹಣ ಬರುತ್ತಿದ್ದು ಆ ವೈಕಲ್ಯದಿಂದ ನಿಯಮಿತ ಕೆಲಸ ಸಾಧ್ಯವಾಗದಿರುವುದು, ಮನೆಯಲ್ಲಿರುವ ರೋಗಿಯ ಆರೈಕೆ, ನ್ಯಾಯಾಲಯದ ರಕ್ಷಣೆಯಲ್ಲಿರುವ ಅಥವಾ ಪಾಲನಾ ವ್ಯವಸ್ಥೆಗೆ ಹೋಗುವ ಅಪಾಯದಲ್ಲಿರುವ ಮಗುವನ್ನು ಹೆತ್ತವರಲ್ಲದ ಸಂಬಂಧಿ ನೋಡಿಕೊಳ್ಳುತ್ತಿರುವುದು, ಮನೆಯೊಳಗಿನ ಹಿಂಸೆ.

ಕೆಲಸ ಹುಡುಕುವ ತಾಯ್ತಂದೆಯರಿಗೆ ಹತ್ತಿರವಾದದ್ದು ಕೊನೆಯದಾಗಿ ಉಳಿಯುವ ಕಾರಣ: ಕೆಲಸವನ್ನು ಉಳಿಸಿಕೊಳ್ಳಲು ಅಥವಾ ವೆಲ್ಫೇರ್-ಟು-ವರ್ಕ್ ಚಟುವಟಿಕೆಯಲ್ಲಿ ಪಾಲ್ಗೊಳ್ಳಲು ಈ ವ್ಯಕ್ತಿಗೆ ಸಾಧ್ಯವಿಲ್ಲವೆಂದು ಮೌಲ್ಯಮಾಪನದ ಆಧಾರದಲ್ಲಿ ಕೌಂಟಿಯೇ ತೀರ್ಮಾನಿಸುವುದು. ಅದಕ್ಕೆ ಒಂದು ಷರತ್ತಿದೆ. ಹಿಂದೆ ನೀವು ಪಾಲ್ಗೊಂಡ ಮತ್ತು ಪೂರ್ತಿ ಸಹಕರಿಸಿದ ಇತಿಹಾಸ ಇರಬೇಕು. ಮೇಲ್ನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ: ‘ನನ್ನಿಂದ ಆಗುವುದಿಲ್ಲ’ ಎಂದೂ ತೋರಿಸಬೇಕು, ‘ಆದರೂ ನಾನು ಬಿಡಲಿಲ್ಲ’ ಎಂದೂ ತೋರಿಸಬೇಕು. ಅರ್ಜಿಗಳು ಸೋಲುವುದು ಬಹುತೇಕ ಈ ಜಾಗದಲ್ಲಿಯೇ. ಒಬ್ಬರು ತಮ್ಮ ಶ್ರಮವನ್ನಷ್ಟೇ ವಿವರಿಸಿ ಅಡ್ಡಿಯನ್ನು ಮರೆಯುತ್ತಾರೆ. ಇನ್ನೊಬ್ಬರು ಕಷ್ಟವನ್ನಷ್ಟೇ ತೋಡಿಕೊಂಡು ಹಾಜರಿಯನ್ನು ಬಿಡುತ್ತಾರೆ.

ದಂಡನೆಯ ತಿಂಗಳುಗಳ ಬಗ್ಗೆ ಇಲ್ಲಿ ಎಚ್ಚರ ಬೇಕು. ಅವು 60ರ ಎಣಿಕೆಯಿಂದ ಹೊರಗಿರುವುದು ಲಾಭ; ಆದರೆ ಸಹಕಾರದ ಇತಿಹಾಸಕ್ಕೆ ಅವೇ ಕಪ್ಪುಚುಕ್ಕೆ. ದಂಡನೆಗೆ ಸಕಾರಣ ಇದ್ದರೆ, ಅಂದರೆ ಮಗುವಿಗೆ ಜ್ವರ ಬಂದಿತ್ತು, ಡೇಕೇರ್ ಸಿಕ್ಕಿರಲಿಲ್ಲ, ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿತ್ತು ಎಂಬಂಥದ್ದಾದರೆ ಅದನ್ನು ದಾಖಲೆ ಸಮೇತ ಬರೆದುಕೊಡಿ. ಈಗಲೂ ದಂಡನೆಯಲ್ಲಿದ್ದರೆ ಎಕ್ಸ್‌ಟೆಂಡರ್ ಕೇಳುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಒಬ್ಬರ ಕಾರಣ ಸಾಲದು. ಮನೆಯಲ್ಲಿರುವ ತಾಯಿ ತಂದೆ ಇಬ್ಬರಿಗೂ ಒಂದಲ್ಲ ಒಂದು ಕಾರಣ ಅನ್ವಯಿಸಬೇಕು. ಹೆಂಡತಿಗೆ ಕೀಮೋ ನಡೆಯುತ್ತಿದ್ದು ಗಂಡ ಅವಳ ಆರೈಕೆಗಾಗಿ ಕೆಲಸಕ್ಕೆ ಹೋಗಲಾಗದಿದ್ದರೆ ಇಬ್ಬರ ಕಾರಣವನ್ನೂ ಬೇರೆ ಬೇರೆಯಾಗಿ, ಬೇರೆ ಬೇರೆ ದಾಖಲೆಯೊಂದಿಗೆ ಕೊಡಬೇಕು.

ಹಂತ 4: ದಾಖಲೆಗಳನ್ನು ಗಟ್ಟಿಗೊಳಿಸುವುದು

ವೈದ್ಯರ ಕಾಗದ ಮುಖ್ಯ, ಆದರೆ ಅದರಲ್ಲಿ ಕಾಯಿಲೆಯ ಹೆಸರಿಗಿಂತ ಅದರ ಪರಿಣಾಮ ಮುಖ್ಯ. ‘ರೋಗಿಗೆ ಬೆನ್ನುನೋವು ಇದೆ, ವಿಶ್ರಾಂತಿ ಬೇಕು’ ಎಂಬ ಒಂದು ಸಾಲಿನ ಚೀಟಿಯಿಂದ ಯಾರೂ ಏನನ್ನೂ ತೀರ್ಮಾನಿಸಲಾರರು. ‘ಅರ್ಧ ಗಂಟೆಗಿಂತ ಹೆಚ್ಚು ಕೂರಲು ಅಥವಾ ನಿಲ್ಲಲು ಆಗುವುದಿಲ್ಲ, ಐದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು, ವಾರಕ್ಕೆ ಎರಡು ದಿನ ಫಿಸಿಯೋಥೆರಪಿ ಇದೆ, ಈ ಸ್ಥಿತಿ ಇಂಥ ತಿಂಗಳಿನಿಂದ ಇದ್ದು ಇನ್ನೂ ಆರು ತಿಂಗಳಾದರೂ ಇರುತ್ತದೆ’ ಎಂದಿದ್ದರೆ ಅದು ದಾಖಲೆ. ಇದಕ್ಕಾಗಿ ಸಿಡಬ್ಲ್ಯೂ 61 ಎಂಬ ನಮೂನೆಯನ್ನು ಕೌಂಟಿಯೇ ಕೊಡುತ್ತದೆ. ಅದನ್ನು ವೈದ್ಯರ ಕಚೇರಿಯ ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಭೇಟಿಯ ದಿನ ಕೈಯಲ್ಲಿ ಹಿಡಿದು ಹೋಗಿ, ಆರಂಭದ ದಿನಾಂಕ ಮತ್ತು ಅವಧಿ ಬರೆದಿದ್ದಾರೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಕೆಲಸ ಹುಡುಕಿದ ದಾಖಲೆಯನ್ನು ಬೇರೆಯಾಗಿ ಇಡಿ. ಅರ್ಜಿ ಹಾಕಿದ ದಿನ, ಹುದ್ದೆ, ಬಂದ ಉತ್ತರ, ಕೆಲಸಕ್ಕೆ ಸೇರಿ ಬಿಟ್ಟಿದ್ದರೆ ಬಿಟ್ಟ ಕಾರಣ, ಇಷ್ಟು ಇರಲಿ. ನೀವು ಪಾಲ್ಗೊಳ್ಳಬೇಕಾದ ಗಂಟೆಗಳೂ ತಿಳಿದಿರಲಿ: ಒಂಟಿ ಪೋಷಕರಿಗೆ ವಾರಕ್ಕೆ 30 ಗಂಟೆ, ಆರು ವರ್ಷದೊಳಗಿನ ಮಗುವಿದ್ದರೆ 20, ಇಬ್ಬರು ಪೋಷಕರ ಕುಟುಂಬಕ್ಕೆ 35. ಒಂದೆರಡು ವಾರ ಗಂಟೆ ಕಡಿಮೆಯಾಗಿದ್ದರೆ ಮುಚ್ಚಿಡದೆ ಯಾಕೆಂದು ಬರೆಯಿರಿ. ಓದಿದ್ದು ತಲೆಗೆ ಹತ್ತದೆ, ತರಬೇತಿಯಲ್ಲಿ ಮತ್ತೆ ಮತ್ತೆ ಹಿಂದೆ ಬೀಳುತ್ತಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ ಎಂದು ಕೇಳಿ. ನಮ್ಮವರಲ್ಲಿ ಇದನ್ನು ಹೇಳಿಕೊಳ್ಳಲು ಸಂಕೋಚ ಬಹಳ. ಆದರೆ ಮೌಲ್ಯಮಾಪನ ಇಲ್ಲದೆ ಕೌಂಟಿಗೆ ತೀರ್ಮಾನಿಸಲು ಆಧಾರವೇ ಇರುವುದಿಲ್ಲ.

ಮನೆಯ ಹಿಂಸೆಯ ವಿಷಯದಲ್ಲಿ ಪೊಲೀಸ್ ವರದಿ ಇಲ್ಲ ಎಂದು ಹಿಂಜರಿಯಬೇಡಿ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ, ಅದನ್ನು ನಂಬದಿರಲು ಸಕಾರಣ ಇದೆಯೆಂದು ಕೌಂಟಿ ಲಿಖಿತವಾಗಿ ದಾಖಲಿಸದ ಹೊರತು, ಹಿಂಸೆಗೆ ಒಳಗಾದವರು ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯೇ ಸಾಕು. ಆದರೆ ನೋಟಿಸ್‌ಗಳು ಹಿಂಸೆ ಮಾಡುವವನ ಕೈಗೆ ಸಿಗದಂತೆ ಅಂಚೆ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಮೊದಲೇ ಬದಲಿಸಿಕೊಳ್ಳಿ.

ಹಂತ 5: ನಮೂನೆ ತುಂಬಿ ಕೊಡುವುದು

ಎಕ್ಸ್‌ಟೆಂಡರ್ ಕೇಳುವ ನಮೂನೆ ಸಿಡಬ್ಲ್ಯೂ 2190ಎ. ಕೌಂಟಿಯ ತೀರ್ಮಾನ ಸಿಡಬ್ಲ್ಯೂ 2190ಬಿಯಲ್ಲಿ ಬರುತ್ತದೆ. ನಿಮಗೆ ಅನ್ವಯಿಸುವ ಕಾರಣಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಗುರುತಿಸಿ. ವಿವರಣೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಬಹುದು, ಒಂದು ಪುಟ ಮೀರದಿದ್ದರೆ ಒಳ್ಳೆಯದು. ಪ್ರತಿ ವಾಕ್ಯಕ್ಕೂ ಒಂದು ಲಗತ್ತಿನ ಸಂಖ್ಯೆ ಕೊಡಿ. ಕೌಂಟರಿನಲ್ಲಿ ಕೊಟ್ಟರೆ ದಿನಾಂಕದ ಮುದ್ರೆ ಬಿದ್ದ ಪ್ರತಿಯನ್ನು ಪಡೆಯದೆ ಹೊರಬರಬೇಡಿ. ‘ಫೋನಿನಲ್ಲಿ ಹೇಳಿದ್ದೇನೆ, ಅವರು ಬರೆದುಕೊಂಡಿದ್ದಾರೆ’ ಎಂಬುದು ಮುಂದೆ ಯಾವ ಉಪಯೋಗಕ್ಕೂ ಬಾರದ ಮಾತು.

ಹಂತ 6: ಉತ್ತರ ಬರುವವರೆಗೆ

ಈ ಅವಧಿಯಲ್ಲಿ ಉಳಿದ ಯಾವ ಕರ್ತವ್ಯವನ್ನೂ ಬಿಡಬೇಡಿ. ಎಸ್‌ಎಆರ್ 7 ಎಂಬ ಅರ್ಧವಾರ್ಷಿಕ ವರದಿ ತಪ್ಪಿದರೆ ಮಕ್ಕಳ ಪಾಲೂ ಸೇರಿ ಇಡೀ ನೆರವು ನಿಲ್ಲುತ್ತದೆ, ಅದಕ್ಕೂ ವಿಸ್ತರಣೆಗೂ ಸಂಬಂಧವಿಲ್ಲ. ಕರೆದ ಸಭೆಗಳಿಗೆ ಹೋಗಿ; ಹೋಗಲಾಗದಿದ್ದರೆ ಮೊದಲೇ ತಿಳಿಸಿ.

ಕೆಲವು ಲಕ್ಷಣಗಳು ಕಂಡರೆ ಸುಮ್ಮನಿರಬಾರದು: ಕೌಂಟಿ ಸಿಬ್ಬಂದಿ ‘ಇದಕ್ಕೆ ನಮೂನೆಯೇ ಇಲ್ಲ’ ಅಥವಾ ‘ನಿಮಗೆ ಸಿಗುವುದಿಲ್ಲ, ಅರ್ಜಿ ಹಾಕುವುದೇ ಬೇಡ’ ಎಂದು ಬಾಯಿಮಾತಿನಲ್ಲಿ ಹೇಳುವುದು, ಅರ್ಜಿ ಕೊಟ್ಟ ಮೇಲೆ ಮಿತಿಯ ತಿಂಗಳು ಬಂದರೂ ಲಿಖಿತ ತೀರ್ಮಾನ ಬಾರದಿರುವುದು, ಇದ್ದಕ್ಕಿದ್ದಂತೆ ಹಣ ಕಡಿಮೆಯಾಗಿ ನೋಟಿಸ್ ಮಾತ್ರ ಬಾರದಿರುವುದು. ಲಿಖಿತ ಉತ್ತರ ಪಡೆಯುವುದು ನಿಮ್ಮ ಹಕ್ಕು. ಮೇಲ್ವಿಚಾರಕರನ್ನು ಕೇಳಿ, ಅಲ್ಲಿಗೂ ಆಗದಿದ್ದರೆ 211ಕ್ಕೆ ಕರೆ ಮಾಡಿ ನಿಮ್ಮ ಕೌಂಟಿಯ ಉಚಿತ ಕಾನೂನು ನೆರವು ಸಂಸ್ಥೆಯ ವಿವರ ಪಡೆಯಿರಿ.

ಹಂತ 7: ತಿರಸ್ಕಾರವಾದರೆ

ನೋಟಿಸ್ ಆಫ್ ಆಕ್ಷನ್, ಅಂದರೆ ಕೌಂಟಿಯ ತೀರ್ಮಾನ ತಿಳಿಸುವ ನೋಟಿಸ್, ಕೈಗೆ ಬಂದ ಕೂಡಲೇ ಎರಡು ದಿನಾಂಕ ಗುರುತು ಮಾಡಿಕೊಳ್ಳಿ. ರಾಜ್ಯಮಟ್ಟದ ವಿಚಾರಣೆ ಕೇಳಲು ನೋಟಿಸ್ ದಿನದಿಂದ 90 ದಿನ ಸಮಯವಿದೆ. ಆದರೆ ವಿಚಾರಣೆ ಮುಗಿಯುವವರೆಗೆ ನೆರವು ಕಡಿತವಾಗದೆ ಮುಂದುವರಿಯಬೇಕಾದರೆ ಕಡಿತ ಜಾರಿಗೆ ಬರುವ ದಿನಕ್ಕೆ ಮೊದಲೇ ಕೇಳಬೇಕು. ಕಡಿತದ ನೋಟಿಸ್ ಸಾಮಾನ್ಯವಾಗಿ ಹತ್ತು ದಿನ ಮೊದಲು ಬರುತ್ತದೆ. ಅಂಚೆಯ ದಿನ ಕಳೆದರೆ ಉಳಿಯುವುದು ಒಂದು ವಾರ. ‘90 ದಿನ ಇದೆಯಲ್ಲ’ ಎಂದು ಕಾಗದವನ್ನು ಫ್ರಿಜ್ ಮೇಲೆ ಇಟ್ಟವರು ಕಳೆದುಕೊಳ್ಳುವುದು ಈ ವಾರವನ್ನು. ಹೀಗೆ ಮುಂದುವರಿದ ನೆರವನ್ನು, ವಿಚಾರಣೆಯಲ್ಲಿ ಸೋತರೆ, ಹಿಂದಿರುಗಿಸಬೇಕಾಗಿ ಬರಬಹುದು ಎಂಬುದೂ ಗೊತ್ತಿರಲಿ. ದಾಖಲೆ ಗಟ್ಟಿಯಾಗಿದ್ದರೆ ಆ ಅಪಾಯಕ್ಕೆ ಒಡ್ಡಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಲ್ಲವಾದರೆ ವಕೀಲರ ಜೊತೆ ಮಾತಾಡಿ ನಿರ್ಧರಿಸಿ.

ವಿಚಾರಣೆ ಕೇಳುವ ಕ್ರಮ ನೋಟಿಸ್‌ನ ಹಿಂಬದಿಯಲ್ಲಿಯೇ ಮುದ್ರಿತವಾಗಿರುತ್ತದೆ. ಅಲ್ಲಿ ಕನ್ನಡ ದುಭಾಷಿ ಬೇಕೆಂದು ಬರೆಯಿರಿ. ನಿಮ್ಮ ಕಡತವನ್ನು ನೋಡುವ, ಪ್ರತಿ ಪಡೆಯುವ ಹಕ್ಕು ನಿಮಗಿದೆ. ಕೌಂಟಿ ತನ್ನ ವಾದದ ಹೇಳಿಕೆಯನ್ನು ವಿಚಾರಣೆಗೆ ಕನಿಷ್ಠ ಎರಡು ಕೆಲಸದ ದಿನ ಮೊದಲು ಕೊಡಬೇಕು. ಅದನ್ನು ಓದಿ, ಅವರು ಯಾವ ತಿಂಗಳನ್ನು ಅಥವಾ ಯಾವ ಕಾಗದವನ್ನು ಒಪ್ಪಿಲ್ಲ ಎಂದು ಗುರುತಿಸಿ, ಉತ್ತರವನ್ನು ಅದಕ್ಕೆ ಮಾತ್ರ ಸೀಮಿತಗೊಳಿಸಿ. ಮಕ್ಕಳ ಶಾಲೆ, ಮನೆ ಬಾಡಿಗೆ, ಊರಿನ ಸಾಲದ ಕತೆಗಳನ್ನು ನ್ಯಾಯಾಧೀಶರು ಕಾಳಜಿಯಿಂದಲೇ ಕೇಳಬಹುದು, ಆದರೆ ತೀರ್ಪು ಬರುವುದು ಕಾರಣ ಮತ್ತು ದಾಖಲೆಯ ಮೇಲೆ. ತೀರ್ಪು ವಿರುದ್ಧವಾದರೆ ಮರುವಿಚಾರಣೆ ಕೇಳಲು 30 ದಿನ, ಸುಪೀರಿಯರ್ ಕೋರ್ಟಿಗೆ ಹೋಗಲು ಒಂದು ವರ್ಷ ಕಾಲಾವಕಾಶವಿದೆ.

ವಿಸ್ತರಣೆ ಸಿಕ್ಕ ಮೇಲೆ, ಸಿಗದ ಮೇಲೆ

ಸಿಕ್ಕ ವಿಸ್ತರಣೆ ಆ ಕಾರಣ ಇರುವವರೆಗೆ ಮಾತ್ರ. ಕೌಂಟಿ ಅದನ್ನು ಮತ್ತೆ ಪರಿಶೀಲಿಸುತ್ತದೆ. ವೈದ್ಯರ ಕಾಗದದಲ್ಲಿ ಆರು ತಿಂಗಳೆಂದಿದ್ದರೆ ಐದನೆಯ ತಿಂಗಳಲ್ಲೇ ಹೊಸ ಕಾಗದ ಸಿದ್ಧವಾಗಿರಲಿ.

ಸಿಗದಿದ್ದರೆ ನಿಮ್ಮ ಪಾಲು ನಿಂತು ಮನೆಯ ಆದಾಯ ಇಳಿಯುತ್ತದೆ, ಆದ್ದರಿಂದ ಕ್ಯಾಲ್‌ಫ್ರೆಶ್ ಆಹಾರ ನೆರವಿನ ಮೊತ್ತ ಏರಬಹುದು. ಅದನ್ನು ಮರುಲೆಕ್ಕ ಹಾಕಲಾಗಿದೆಯೇ ಎಂದು ಕೇಳಿ. ಮೆಡಿ-ಕ್ಯಾಲ್ ಆರೋಗ್ಯ ರಕ್ಷಣೆಗೆ ಈ 60 ತಿಂಗಳ ಮಿತಿ ಇಲ್ಲ. ಮುಂದೆ ಯಾವಾಗಲಾದರೂ ಸ್ಥಿತಿ ಬದಲಾದರೆ, ಅಂದರೆ ಹೊಸ ಕಾಯಿಲೆ ಬಂದರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ನಿಮಗೆ 60 ವರ್ಷ ತುಂಬಿದರೆ, ಅದೇ ಸಿಡಬ್ಲ್ಯೂ 2190ಎ ನಮೂನೆಯನ್ನು ಮತ್ತೊಮ್ಮೆ ಕೊಡಬಹುದು. ಒಮ್ಮೆ ತಿರಸ್ಕಾರವಾಗಿದೆ ಎಂಬುದು ಹೊಸ ಅರ್ಜಿಗೆ ಅಡ್ಡಿಯಲ್ಲ; ಹೊಸ ಕಾರಣಕ್ಕೆ ಹೊಸ ದಾಖಲೆ ಇರಬೇಕು, ಅಷ್ಟೆ.